ಮೇಣದಬತ್ತಿಯ ಮೇಲಿನ ಐದು ಗಾಯಗಳು

ಶನಿವಾರ ರಾತ್ರಿ. ಮಂಗಳೂರಿನ ಯಾವ ಇಗರ್ಜಿಯ ಅಂಗಳಕ್ಕೆ ಹೋದರೂ ಆ ಒಂದು ರಾತ್ರಿ ಕತ್ತಲೆಯೇ ಎದುರಾಗುತ್ತದೆ. ಒಳಗಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಊರಿಗೆ ಊರೇ ನೆರೆದಿದ್ದರೂ ಸದ್ದಿಲ್ಲ. ಮಕ್ಕಳು ಮಾತ್ರ ಅಮ್ಮಂದಿರ ಸೆರಗು ಹಿಡಿದು ಪಿಸುಗುಡುತ್ತಿರುತ್ತಾರೆ. ಎಲ್ಲರ ಕೈಯಲ್ಲೂ ಇನ್ನೂ ಹೊತ್ತಿಸದ ಒಂದೊಂದು ಮೇಣದಬತ್ತಿ. ಬಿಸಿ ಮೇಣ ಬೆರಳ ಮೇಲೆ ಇಳಿಯದಿರಲೆಂದು ಅದಕ್ಕೆ ಸಿಕ್ಕಿಸಿದ ಕಾಗದದ ತುಂಡು.

ಅಂಗಳದ ನಡುವೆ ಸೌದೆ ಒಟ್ಟಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಧರ್ಮಗುರು ಅದನ್ನು ಆಶೀರ್ವದಿಸಿ, ತೋಳಿಗಿಂತ ದಪ್ಪನೆಯ ದೊಡ್ಡ ಮೇಣದಬತ್ತಿಯೊಂದನ್ನು ಮುಂದಕ್ಕೆ ತರಿಸುತ್ತಾರೆ. ಅದರ ಮೈಮೇಲೆ ಮೊದಲು ಶಿಲುಬೆಯ ಗುರುತು. ಶಿಲುಬೆಯ ಮೇಲ್ಗಡೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರ ಆಲ್ಫಾ, ಕೆಳಗಡೆ ಕೊನೆಯ ಅಕ್ಷರ ಒಮೇಗಾ. ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕೆಗಳು. ಆಮೇಲೆ ಬೆಂಕಿಯ ಬೆಳಕಿನಲ್ಲಿ ಬಗ್ಗಿ ನೋಡಿದವರಿಗಷ್ಟೇ ಕಾಣುವ ಒಂದು ಸಣ್ಣ ಕೆಲಸ ನಡೆಯುತ್ತದೆ. ಐದು ಸಾಂಬ್ರಾಣಿ ಕಾಳುಗಳನ್ನು, ಸಾಮಾನ್ಯವಾಗಿ ಮೇಣದ ಮೊಳೆಗಳೊಳಗೆ ಹುದುಗಿಸಿದಂಥವನ್ನು, ಅವರು ಒಂದೊಂದಾಗಿ ಆ ಶಿಲುಬೆಯ ಮೇಲೆ ಚುಚ್ಚುತ್ತಾರೆ.

ಎರಡು ಕೈ, ಎರಡು ಕಾಲು, ಒಂದು ಪಕ್ಕೆ. ಯೇಸುಕ್ರಿಸ್ತನ ಐದು ಗಾಯಗಳು.

ಬತ್ತಿ ಹೊತ್ತಿಕೊಳ್ಳುತ್ತದೆ. ಅದನ್ನು ಎತ್ತಿ ಹಿಡಿದು ಕತ್ತಲೆಯ ಇಗರ್ಜಿಯೊಳಗೆ ಹೊಕ್ಕಾಗ ಆ ಒಂದು ಕುಡಿಯಿಂದ ಹತ್ತು, ಹತ್ತರಿಂದ ನೂರು ಬತ್ತಿಗಳು ಹೊತ್ತಿಕೊಳ್ಳುತ್ತ ಹೋಗುತ್ತವೆ. ಪಕ್ಕದವರ ಮುಖ ಆಗಷ್ಟೇ ಕಾಣಿಸುತ್ತದೆ. ಬಳಿಕ ಹಾಡುವ ಪ್ರಾಚೀನ ಸ್ತುತಿಯಲ್ಲಿ ಮೇಣ ಕೂಡಿಟ್ಟ ಜೇನ್ನೊಣಗಳಿಗೂ ಒಂದು ಜಾಗವಿದೆ. ಸೃಷ್ಟಿಯ ಕಥೆ, ಕೆಂಪು ಸಮುದ್ರ ದಾಟಿದ ಇಸ್ರಾಯೇಲರ ಕಥೆ ಓದಿ ಮುಗಿದ ಮೇಲೆ, ಪವಿತ್ರ ಗುರುವಾರದ ಸಂಜೆಯಿಂದ ಮೌನವಾಗಿದ್ದ ಗಂಟೆಗಳು ಒಮ್ಮೆಲೇ ಮೊಳಗುತ್ತವೆ. ಕೊಂಕಣಿ ಮನೆಗಳಲ್ಲಿ ಪಾಸ್ಕ ಎಂದು ಕರೆಯುವ, ಕನ್ನಡದಲ್ಲಿ ಪಾಸ್ಖ ಹಬ್ಬ ಅಥವಾ ಪುನರುತ್ಥಾನದ ಹಬ್ಬ ಎನ್ನುವ ಈಸ್ಟರ್ ಶುರುವಾಗುವುದು ಹೀಗೆ.

ಇದು ಸಾವನ್ನು ಗೆದ್ದ ಹಬ್ಬ. ಗೆದ್ದವನ ಹಬ್ಬದಲ್ಲಿ ಗಾಯಗಳನ್ನು ನೆನೆಯುವುದೇಕೆ? ಕ್ರೈಸ್ತರ ನಂಬಿಕೆಯ ಗುಟ್ಟೆಲ್ಲ ಈ ಪ್ರಶ್ನೆಯಲ್ಲೇ ಅಡಗಿದೆ.

ಹೆದರಿಕೆಯಿಂದ ಶುರುವಾದ ಸುದ್ದಿ

ಕ್ರಿ.ಶ. 30ರ ಆಸುಪಾಸಿನಲ್ಲಿ, ಜೆರುಸಲೇಮಿನಲ್ಲಿ, ರೋಮನ್ ಅಧಿಪತಿ ಪೊಂತಿಯ ಪಿಲಾತನ ಆಜ್ಞೆಯಂತೆ ನಜರೇತಿನ ಯೇಸುವನ್ನು ಶಿಲುಬೆಗೇರಿಸಲಾಯಿತು. ಶಿಲುಬೆ ಎಂದರೆ ಗುಲಾಮರಿಗೂ ಬಂಡಾಯಗಾರರಿಗೂ ಮೀಸಲಾಗಿದ್ದ, ನಾಲ್ಕು ಜನ ನೋಡಿ ನಡುಗಲೆಂದೇ ಕೊಡುತ್ತಿದ್ದ ಸಾವು. ಮೂರನೆಯ ದಿನ ಅವರು ಎದ್ದುಬಂದರು ಎಂಬುದು ಶಿಷ್ಯರ ಸಾಕ್ಷ್ಯ. ಅದನ್ನು ವಿವರವಾಗಿ ಹೇಳುವ, ಇಂದು ಉಳಿದಿರುವ ಅತಿ ಹಳೆಯ ಬರಹ ಪೌಲ ಕೊರಿಂಥದವರಿಗೆ ಬರೆದ ಪತ್ರ. ಘಟನೆ ನಡೆದು ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಬರೆದದ್ದು. ನಾಲ್ಕು ಶುಭಸಂದೇಶಗಳು ಆಮೇಲಿನವು.

ಈ ಬರಹಗಳನ್ನು ಮೊದಲ ಸಲ ಓದುವವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಯೇಸು ಎದ್ದ ಕ್ಷಣವನ್ನು ಯಾರೂ ವರ್ಣಿಸುವುದೇ ಇಲ್ಲ. ನಸುಕಿನಲ್ಲಿ ಶವಕ್ಕೆ ಸುಗಂಧ ಹಚ್ಚಲೆಂದು ಹೊರಟ ಕೆಲವು ಹೆಂಗಸರು, ಸಮಾಧಿಯ ಬಾಯಿಗಿಟ್ಟ ಬಂಡೆಯನ್ನು ಉರುಳಿಸುವವರು ಯಾರು ಎಂದು ಚಿಂತಿಸುತ್ತ ನಡೆಯುತ್ತಾರೆ. ಹೋಗಿ ನೋಡಿದರೆ ಬಂಡೆ ಸರಿದಿದೆ, ಸಮಾಧಿ ಬರಿದಾಗಿದೆ. ಮಾರ್ಕನ ಶುಭಸಂದೇಶದ ಅತಿ ಹಳೆಯ ಹಸ್ತಪ್ರತಿಗಳು ನಿಲ್ಲುವುದು ಅಲ್ಲೇ: ಆ ಹೆಂಗಸರು ನಡುಗುತ್ತ ಓಡಿದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಲೋಕವನ್ನೇ ಸುತ್ತಿದ ಒಂದು ಸುದ್ದಿ ಮೊದಲು ತುಟಿ ಬಿಚ್ಚಲಾರದ ಭಯವಾಗಿತ್ತು.

ಅವರು ಬಾಯಿ ಬಿಟ್ಟ ಮೇಲೂ ಕೇಳಿದವರಿಲ್ಲ. ಹೆಂಗಸರ ಮಾತನ್ನು ಶಿಷ್ಯರು ಹುಚ್ಚು ಹರಟೆಯೆಂದು ತಳ್ಳಿಹಾಕಿದರು ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಹೆಂಗಸರ ಸಾಕ್ಷ್ಯಕ್ಕೆ ಬೆಲೆಯೇ ಕಡಿಮೆಯಿದ್ದ ಕಾಲ ಅದು. ಕಥೆ ಕಟ್ಟುವವರಾಗಿದ್ದರೆ ಅಂಥ ಸಾಕ್ಷಿಗಳನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ ಎನ್ನುವುದು ಅನೇಕ ಬೈಬಲ್ ವಿದ್ವಾಂಸರ ವಾದ. ಯೊವಾನ್ನನ ಬರಹದಲ್ಲಿ ಮಗ್ದಲದ ಮರಿಯಳು ತೋಟದಲ್ಲಿ ಅಳುತ್ತ ನಿಂತಿರುತ್ತಾಳೆ. ಎದುರಿಗಿರುವವನು ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಅವನು ಅವಳ ಹೆಸರು ಹಿಡಿದು ಕರೆಯುತ್ತಾನೆ. ಒಂದೇ ಒಂದು ಹೆಸರು. ಅಷ್ಟಕ್ಕೇ ಅವಳಿಗೆ ಗುರುತು ಸಿಗುತ್ತದೆ. ಪ್ರೇಷಿತರಿಗೇ ಸುದ್ದಿ ಮುಟ್ಟಿಸಿದ ಪ್ರೇಷಿತೆಯೆಂದು ಹಿಂದಿನಿಂದಲೂ ಕರೆಸಿಕೊಂಡ ಈ ಮರಿಯಳ ಸ್ಮರಣೆಯ ದಿನವಾದ ಜುಲೈ 22ನ್ನು 2016ರಲ್ಲಿ ಪೋಪ್ ಫ್ರಾನ್ಸಿಸ್ ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು.

ಇನ್ನು ತೋಮ. ಗೆಳೆಯರು ಹೇಳಿದ್ದನ್ನು ಒಪ್ಪದೆ, ಮೊಳೆ ಹೊಡೆದ ಗುರುತನ್ನು ಬೆರಳಿಟ್ಟು ನೋಡಿದ ಹೊರತು ನಂಬೆನೆಂದು ಪಟ್ಟು ಹಿಡಿದವನು. ಎಂಟು ದಿನ ಕಳೆದು ಯೇಸು ಮತ್ತೆ ಬಂದಾಗ ಅವನನ್ನು ಗದರಿಸಿ ಅಟ್ಟಲಿಲ್ಲ. ಕೈಗಳನ್ನೂ ಪಕ್ಕೆಯನ್ನೂ ಅವನ ಮುಂದೆ ಒಡ್ಡಿದರು. ಇಟಲಿಯ ಚಿತ್ರಕಾರ ಕಾರವಾಜ್ಜೊ ತೋಮನ ಬೆರಳು ಗಾಯದೊಳಗೇ ಇಳಿದಂತೆ ಚಿತ್ರಿಸಿದ್ದಾನೆ. ಆದರೆ ಅವನು ಮುಟ್ಟಿದನೆಂದು ಶುಭಸಂದೇಶ ಎಲ್ಲೂ ಹೇಳುವುದಿಲ್ಲ. ಗಾಯ ಕಂಡದ್ದೇ ಅವನಿಗೆ ಸಾಕಾಯಿತು. ಇದೇ ತೋಮ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದು, ಕೊನೆಗೆ ಚೆನ್ನೈನ ಮೈಲಾಪುರದಲ್ಲಿ ಮಣ್ಣಾದನೆಂಬುದು ದಕ್ಷಿಣ ಭಾರತದ ಕ್ರೈಸ್ತರ ನಂಬಿಕೆ. ಆ ನಂಬಿಕೆಯಂತೆ ಭಾರತಕ್ಕೆ ಈಸ್ಟರಿನ ಸುದ್ದಿ ತಂದವನು ಸಂಶಯಪಟ್ಟವನೇ ಎಂಬುದು ನೆನೆಯಬೇಕಾದ ಸಂಗತಿ.

ಯೇಸುವಿನ ಗುರುತು ಶಿಷ್ಯರಿಗೆ ಸಿಕ್ಕಿದ್ದು ಗಾಯಗಳಿಂದ. ಎದ್ದುಬಂದ ದೇಹದಲ್ಲಿ ಅವು ಮಾಯವಾಗಿರಲಿಲ್ಲ. ಆದದ್ದು ಆಯಿತು, ಮರೆತುಬಿಡು ಎಂದು ನೊಂದವರಿಗೆ ನಾವು ಹೇಳುವ ಸಮಾಧಾನಕ್ಕೂ ಈ ಹಬ್ಬ ಕೊಡುವ ಭರವಸೆಗೂ ಇರುವ ಅಂತರ ಇಷ್ಟು: ಇಲ್ಲಿ ನೋವನ್ನು ಯಾರೂ ಅಳಿಸುವುದಿಲ್ಲ, ನೋವಿಗೆ ಕೊನೆಯ ಮಾತನ್ನೂ ಬಿಟ್ಟುಕೊಡುವುದಿಲ್ಲ.

ಹುಣ್ಣಿಮೆಯ ಲೆಕ್ಕ

ಕ್ರಿಸ್ಮಸ್ಸಿಗೆ ತಾರೀಕು ನಿಗದಿ, ಈಸ್ಟರಿಗೆ ಹಾಗಿಲ್ಲ. ಯುಗಾದಿಯಂತೆ ಇದಕ್ಕೂ ಚಂದ್ರನ ಲೆಕ್ಕವುಂಟು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಂದಾದರೂ ಬರಬಹುದು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ತೀರ್ಮಾನವಾದದ್ದು 325ರ ನಿಸೇಯ ಮಹಾಸಭೆಯಲ್ಲಿ. ಮುಂದೆ ಪಂಚಾಂಗಗಳು ಬೇರೆಯಾದ್ದರಿಂದ ಪೂರ್ವದ ಆರ್ಥಡಾಕ್ಸ್ ಸಭೆಗಳ ಈಸ್ಟರ್ ಹೆಚ್ಚಿನ ವರ್ಷಗಳಲ್ಲಿ ಬೇರೆ ದಿನ ಬೀಳುತ್ತದೆ. ಆ ಮಹಾಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಎರಡೂ ಏಪ್ರಿಲ್ 20ರಂದೇ ಕೂಡಿಬಂದವು. ಬೆಂಗಳೂರಿನ ಬೇಕರಿಗಳಲ್ಲಿ ಸಕ್ಕರೆ ಹೂ ಬಿಡಿಸಿದ ಈಸ್ಟರ್ ಮೊಟ್ಟೆಗಳು ಕಾಣತೊಡಗಿದರೆ ನಲವತ್ತು ದಿನಗಳ ತಪಸ್ಸುಕಾಲ ಮುಗಿಯುತ್ತ ಬಂತೆಂದು ಅರ್ಥ. ಮಧ್ಯಯುಗದ ಯುರೋಪಿನಲ್ಲಿ ಆ ದಿನಗಳ ಉಪವಾಸದಲ್ಲಿ ಮೊಟ್ಟೆಯೂ ವರ್ಜ್ಯವಾಗಿತ್ತು. ಹಬ್ಬಕ್ಕೆಂದು ಉಳಿದ ಮೊಟ್ಟೆಗೆ ಬಣ್ಣ ಬಂತು, ಒಡೆದು ಹೊರಬರುವ ಜೀವದ ಅರ್ಥವೂ ಬಂತು.

ಹಳೆಯ ಕನ್ನಡ ಬೈಬಲಿನಲ್ಲಿ ಭರವಸೆಗೆ ಬಳಸಿರುವ ಪದ ನಿರೀಕ್ಷೆ. ಇವತ್ತಿಗೂ ನಮ್ಮ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರೂ ಒಟ್ಟೊಟ್ಟಿಗೆ ಬಾಯಿಗೆ ಬರುತ್ತವೆ. ನಿರೀಕ್ಷೆ ಎಂದರೆ ದಾರಿ ನೋಡುವುದು. ಶುಕ್ರವಾರದ ಸಾವಿಗೂ ಭಾನುವಾರದ ಬೆಳಗಿಗೂ ನಡುವೆ ಏನೂ ನಡೆಯದ ಒಂದು ಶನಿವಾರವಿದೆ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ರಾತ್ರಿ ಕಳೆದವರಿಗೆ ಆ ಶನಿವಾರದ ಪರಿಚಯ ಚೆನ್ನಾಗಿಯೇ ಇರುತ್ತದೆ.

ರೋಗಿಗಳ ಮುಂದೆ ತೆರೆದ ಚಿತ್ರ

ಅಂಥ ಆಸ್ಪತ್ರೆಯೊಂದಕ್ಕಾಗಿಯೇ ಬರೆದ ಚಿತ್ರವೊಂದು ಫ್ರಾನ್ಸಿನ ಕೊಲ್ಮಾರ್ ಪಟ್ಟಣದ ಉಂಟರ್‌ಲಿಂಡೆನ್ ಮ್ಯೂಸಿಯಮ್ಮಿನಲ್ಲಿದೆ. ಜರ್ಮನ್ ಕಲಾವಿದ ಮಥಿಯಾಸ್ ಗ್ರ್ಯೂನೆವಾಲ್ಡ್ 1512ರಿಂದ 1516ರ ನಡುವೆ ಬರೆದದ್ದು. ಹತ್ತಿರದ ಈಸೆನ್‌ಹೈಮ್ ಊರಿನಲ್ಲಿ ಸಂತ ಅಂತೋಣಿಯ ಹೆಸರಿನ ಮಠವಿತ್ತು. ಆ ಮಠದವರು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದುದು ಸಂತ ಅಂತೋಣಿಯ ಬೆಂಕಿ ಎಂಬ ಭಯಂಕರ ರೋಗಕ್ಕೆ ತುತ್ತಾದವರನ್ನು. ರೈ ಧಾನ್ಯದ ತೆನೆಗೆ ಹತ್ತುವ ಒಂದು ಶಿಲೀಂಧ್ರ ರೊಟ್ಟಿಯ ಹಿಟ್ಟಿನಲ್ಲಿ ಸೇರಿ ಬರುತ್ತಿದ್ದ ರೋಗ ಅದು. ಬಡವರ ರೊಟ್ಟಿಯೇ ಅವರಿಗೆ ವಿಷವಾಗುತ್ತಿತ್ತು. ಮೈಯೆಲ್ಲ ಬೆಂಕಿ ಇಟ್ಟಂತೆ ಉರಿ, ಹುಣ್ಣು, ಕೊನೆಗೆ ಬೆರಳುಗಳೂ ಕೈಕಾಲುಗಳೂ ಕಪ್ಪಗಾಗಿ ಕೊಳೆತು ಹೋಗುತ್ತಿದ್ದವು. ಮಠದವರು ಒಳ್ಳೆಯ ರೊಟ್ಟಿ ಕೊಡುತ್ತಿದ್ದರು, ಗಿಡಮೂಲಿಕೆಯ ಮುಲಾಮು ಹಚ್ಚುತ್ತಿದ್ದರು, ಕೊಳೆತ ಅಂಗವನ್ನು ಕತ್ತರಿಸುತ್ತಿದ್ದರು.

ಆ ರೋಗಿಗಳು ಪ್ರಾರ್ಥಿಸುತ್ತಿದ್ದ ಪೀಠದ ಮೇಲೆ ಗ್ರ್ಯೂನೆವಾಲ್ಡ್ ಬರೆದ ಕ್ರಿಸ್ತ ಅವರಂತೆಯೇ ಇದ್ದಾನೆ. ಶಿಲುಬೆಯ ಮೇಲಿನ ದೇಹ ಹಸಿರುಗಟ್ಟಿದೆ. ಚರ್ಮದ ತುಂಬ ಮುಳ್ಳು ಮುರಿದ ಹುಣ್ಣುಗಳು. ಸೆಟೆದ ಬೆರಳುಗಳು ಆಕಾಶದ ಕಡೆಗೆ ಚಾಚಿವೆ. ವಾರದ ದಿನಗಳಲ್ಲಿ ಕಾಣುತ್ತಿದ್ದುದು ಈ ಫಲಕ. ಹಬ್ಬದ ದಿನ ಬಾಗಿಲಿನಂತಿರುವ ಇದನ್ನು ತೆರೆದರೆ ಒಳಗಿನ ಬಲಬದಿಯಲ್ಲಿ ಪುನರುತ್ಥಾನದ ಚಿತ್ರ. ಹಳದಿ, ಕಿತ್ತಳೆ, ನೀಲಿ ಬಳೆಗಳ ಸೂರ್ಯನಂಥ ಪ್ರಭೆಯ ನಡುವೆ ಅದೇ ಕ್ರಿಸ್ತ ಮೇಲೇಳುತ್ತಿದ್ದಾನೆ. ಚರ್ಮದ ಹುಣ್ಣುಗಳೆಲ್ಲ ಹೋಗಿವೆ, ಮೈ ನಿರ್ಮಲವಾಗಿದೆ. ಎತ್ತಿದ ಎರಡೂ ಅಂಗೈಗಳಲ್ಲಿ ಮೊಳೆಯ ಗುರುತುಗಳು ಮಾತ್ರ ಹಾಗೇ ಉಳಿದು ಹೊಳೆಯುತ್ತಿವೆ. ಬೆರಳು ಕಳೆದುಕೊಂಡ ಒಬ್ಬ ರೈತ ಆ ಅಂಗೈಗಳನ್ನು ಎಷ್ಟು ಹೊತ್ತು ನೋಡುತ್ತ ಕುಳಿತಿದ್ದನೋ!

ಇಂಥದೇ ಒಂದು ನಂಟು ಮಂಗಳೂರಿನ ಕಂಕನಾಡಿಯಲ್ಲೂ ಇದೆ. 1878ರಲ್ಲಿ ಇಲ್ಲಿಗೆ ಬಂದ ಜರ್ಮನ್ ಜೆಸ್ವಿತ್ ಧರ್ಮಗುರು ಆಗಸ್ಟಸ್ ಮುಲ್ಲರ್ 1880ರಿಂದ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಹತ್ತು ವರ್ಷದ ಬಳಿಕ, ಊರಿನವರು ಹತ್ತಿರ ಸೇರಿಸದ ಕುಷ್ಠರೋಗಿಗಳಿಗಾಗಿ ಒಂದು ಆಸರೆ ಕಟ್ಟಿದರು. ಈಗ ಅವರ ಹೆಸರಿನ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ನಿಂತಿರುವುದು ಆ ಬೇರಿನ ಮೇಲೆ. ಗಾಯವನ್ನು ಕಂಡು ಮುಖ ತಿರುಗಿಸದಿರುವುದು ಈಸ್ಟರಿನ ನಂಬಿಕೆ ಕಲಿಸಿದ ನಡತೆ.

ಶಾಲೆಯ ಕೋಣೆಯಲ್ಲಿ ಕೊನೆಯ ಪ್ರಾರ್ಥನೆ

1945ರ ಈಸ್ಟರ್ ಏಪ್ರಿಲ್ 1ರಂದು ಬಂದಿತ್ತು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಹಿಟ್ಲರನ ವಿರುದ್ಧ ನಡೆದ ಸಂಚಿನಲ್ಲಿ ಪಾಲುಗೊಂಡಿದ್ದ ಲೂಥರನ್ ಪಾದ್ರಿ ಡೀಟ್ರಿಶ್ ಬಾನ್‌ಹೋಫರ್ ಆಗ ಸೆರೆಗೆ ಬಿದ್ದು ಎರಡು ವರ್ಷ. ಬಂಧನವಾದಾಗ ಮರಿಯಾ ಫಾನ್ ವೆಡೆಮಾಯರ್ ಜೊತೆಗೆ ಮದುವೆ ನಿಶ್ಚಯವಾಗಿ ಮೂರು ತಿಂಗಳಷ್ಟೇ ಆಗಿತ್ತು. ಮದುವೆ ನಡೆಯಲೇ ಇಲ್ಲ.

ಏಪ್ರಿಲ್ 8, ಈಸ್ಟರಿನ ಮರುಭಾನುವಾರ. ಚರ್ಚುಗಳಲ್ಲಿ ತೋಮನ ಕಥೆ ಓದುವ ದಿನ. ಬವೇರಿಯಾದ ಶೋನ್‌ಬೆರ್ಗ್ ಹಳ್ಳಿಯ ಶಾಲೆಯ ಕೋಣೆಯಲ್ಲಿ ಕೂಡಿಹಾಕಿದ್ದ ಕೈದಿಗಳು ಪ್ರಾರ್ಥನೆ ನಡೆಸಿಕೊಡಿ ಎಂದು ಅವರನ್ನು ಕೇಳಿದರು. ಅವರು ಹಿಂದೆಮುಂದೆ ನೋಡಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಥೋಲಿಕರು, ಜೊತೆಗೆ ದೇವರನ್ನೇ ನಂಬದ ಸೋವಿಯತ್ ಅಧಿಕಾರಿ ಕೊಕೊರಿನ್. ಅವರ ಮನಸ್ಸು ನೋಯಿಸುವುದು ಬಾನ್‌ಹೋಫರರಿಗೆ ಬೇಡವಾಗಿತ್ತು. ಕೊಕೊರಿನ್ ತಾನೇ ಒಪ್ಪಿದ ಮೇಲೆ ಪ್ರಾರ್ಥನೆ ಶುರುವಾಯಿತು.

ಹೆರ್ನ್‌ಹೂಟ್ ಎಂಬಲ್ಲಿನ ಮೊರೇವಿಯನ್ ಕ್ರೈಸ್ತರು ವರ್ಷದ ಪ್ರತಿ ದಿನಕ್ಕೂ ಆರಿಸಿಕೊಡುವ ವಾಕ್ಯಗಳನ್ನು ಓದುವ ರೂಢಿ ಬಾನ್‌ಹೋಫರರಿಗಿತ್ತು. ಅಂದು ಬಂದ ವಾಕ್ಯಗಳು ಎರಡು. ಒಬ್ಬನ ಗಾಯಗಳಿಂದ ನಮಗೆ ಗುಣವಾಯಿತು ಎನ್ನುವ ಯೆಶಾಯನ ಮಾತು ಒಂದು. ಕ್ರಿಸ್ತನ ಪುನರುತ್ಥಾನದಿಂದ ಹುಟ್ಟಿದ ಜೀವಂತ ನಿರೀಕ್ಷೆಯ ಬಗ್ಗೆ ಪೇತ್ರ ಬರೆದದ್ದು ಇನ್ನೊಂದು. ಅದರ ಮೇಲೆ ಮಾತಾಡಿ ಪ್ರಾರ್ಥನೆ ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಇಬ್ಬರು ಬಂದು ಅವರ ಹೆಸರು ಕೂಗಿ, ಹೊರಡು ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಇಂಗ್ಲೆಂಡಿನ ಬಿಷಪ್ ಜಾರ್ಜ್ ಬೆಲ್ ಅವರಿಗೆ ತಿಳಿಸಿ ಎಂದು ಜೊತೆಯ ಕೈದಿಯೊಬ್ಬರಿಗೆ ಅವರು ಹೇಳಿಕಳುಹಿಸಿದ ಮಾತಿನ ತಿರುಳು, ತನಗಿದು ಬದುಕಿನ ಆರಂಭ ಎಂಬುದು. ಮರುದಿನ ಮುಂಜಾನೆ ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವರನ್ನು ನೇಣಿಗೇರಿಸಲಾಯಿತು. 39 ವರ್ಷ. ಎರಡು ವಾರ ಕಳೆದು, ಏಪ್ರಿಲ್ 23ರಂದು ಅಮೆರಿಕದ ಸೈನ್ಯ ಆ ಶಿಬಿರವನ್ನು ಬಿಡಿಸಿತು.

ನೆಗೊಂಬೊದ ಪ್ರತಿಮೆ

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದ ಚರ್ಚುಗಳಲ್ಲಿ ಹಬ್ಬದ ಆರಾಧನೆ ನಡೆಯುತ್ತಿದ್ದಾಗ ಆತ್ಮಾಹುತಿ ಬಾಂಬುಗಳು ಸಿಡಿದವು. ಕೊಲಂಬೊದ ಸಂತ ಅಂತೋಣಿ ಚರ್ಚ್, ನೆಗೊಂಬೊ ಬಳಿಯ ಕಟುವಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚ್, ಮಟ್ಟಕ್ಕಳಪ್ಪಿನ ಝಯನ್ ಚರ್ಚ್, ಕೊಲಂಬೊದ ಮೂರು ದೊಡ್ಡ ಹೋಟೆಲುಗಳು. ಸತ್ತವರು 260ಕ್ಕೂ ಹೆಚ್ಚು. ಸಂತ ಸೆಬಾಸ್ಟಿಯನ್ ಚರ್ಚೊಂದರಲ್ಲೇ ನೂರಕ್ಕೂ ಹೆಚ್ಚು ಜನ. ಮಟ್ಟಕ್ಕಳಪ್ಪಿನಲ್ಲಿ ಹಲವು ಮಕ್ಕಳು. ಆ ಸಾವು ಕನ್ನಡನಾಡಿನ ಮನೆಗಳಿಗೂ ಬಂತು. ಲೋಕಸಭೆ ಚುನಾವಣೆಯ ಮತದಾನ ಮುಗಿಸಿ ಪ್ರವಾಸಕ್ಕೆಂದು ಹೋಗಿ ಕೊಲಂಬೊದ ಹೋಟೆಲಿನಲ್ಲಿ ಇಳಿದಿದ್ದ, ಬೆಂಗಳೂರು ಸುತ್ತಮುತ್ತಲಿನ ಜೆಡಿಎಸ್ ಕಾರ್ಯಕರ್ತರು ಹಲವರು ಶವಪೆಟ್ಟಿಗೆಗಳಲ್ಲಿ ಮರಳಿದರು.

ಸಂತ ಸೆಬಾಸ್ಟಿಯನ್ ಚರ್ಚಿನೊಳಗೆ ಹಬ್ಬಕ್ಕೆಂದು ಪುನರುತ್ಥಿತ ಕ್ರಿಸ್ತನ ಬಿಳಿಯ ಪ್ರತಿಮೆ ನಿಲ್ಲಿಸಿದ್ದರು. ಚಾವಣಿ ಹಾರಿ ಹೋದ ಮೇಲೂ ಆ ಪ್ರತಿಮೆ ನಿಂತೇ ಇತ್ತು. ಅದರ ಮುಖ, ಬಟ್ಟೆ, ಎತ್ತಿದ ಕೈಯ ತುಂಬ ರಕ್ತದ ಚಿಮುಕುಗಳು. ಚರ್ಚಿನವರು ಅದನ್ನು ತೊಳೆಯಲಿಲ್ಲ, ಹೊಸ ಬಣ್ಣ ಬಳಿಯಲಿಲ್ಲ. ಕಲೆಗಳಿರುವಂತೆಯೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಾರೆ. ಚಾವಣಿಯನ್ನು ಹೊಸದಾಗಿ ಹೊದಿಸಿ ಮೂರೇ ತಿಂಗಳಲ್ಲಿ ಮತ್ತೆ ಪೂಜೆಗೆ ತೆರೆದರು.

ಒಂದು ವರ್ಷದ ಬಳಿಕ, ಕೊರೊನಾ ಕಾಲದ ಈಸ್ಟರಿನಂದು, ದಾಳಿಕೋರರನ್ನು ತಮ್ಮ ಜನ ಕ್ಷಮಿಸಿದ್ದಾರೆಂದು ಕೊಲಂಬೊದ ಕಾರ್ಡಿನಲ್ ಮಾಲ್ಕಮ್ ರಂಜಿತ್ ಹೇಳಿದರು. ಹಾಗೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 2021ರ ಮಾರ್ಚ್ 7ರಂದು ಅಲ್ಲಿನ ಕಥೋಲಿಕರು ಕಪ್ಪು ಬಟ್ಟೆ ತೊಟ್ಟು ಪೂಜೆಗೆ ಬಂದು, ಸತ್ಯ ಹೊರಗೆ ಬರಲಿ ಎಂದು ಕೇಳಿದರು. ಮುಂಚೆಯೇ ಗುಪ್ತಚರ ಎಚ್ಚರಿಕೆ ಬಂದಿದ್ದರೂ ದಾಳಿ ತಡೆಯದ ಹಿಂದಿನ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ 10 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಜನವರಿಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕ್ಷಮೆಯೂ ನ್ಯಾಯದ ಬೇಡಿಕೆಯೂ ಒಂದೇ ಬಾಯಿಂದ ಬರಬಹುದೆಂದು ಆ ಜನ ತೋರಿಸಿಕೊಟ್ಟರು. ಗಾಯ ಮುಚ್ಚಿಡದೆ ಎದ್ದುನಿಲ್ಲುವುದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ.

ಸಮಾಧಿಗಳ ನಡುವೆ ನಸುಕು

1732ರ ಈಸ್ಟರಿನ ಮುಂಜಾನೆ, ಬಾನ್‌ಹೋಫರ್ ಓದುತ್ತಿದ್ದ ದಿನದ ವಾಕ್ಯಗಳು ಬರುತ್ತಿದ್ದ ಅದೇ ಹೆರ್ನ್‌ಹೂಟಿನ ಯುವಕರು ಗುಡ್ಡದ ಮೇಲಿನ ಸಮಾಧಿಸ್ಥಳಕ್ಕೆ ಹೋಗಿ, ಸೂರ್ಯ ಹುಟ್ಟುವ ಹೊತ್ತಿಗೆ ಹಾಡಿದರು. ಈಸ್ಟರಿನ ಸೂರ್ಯೋದಯದ ಆರಾಧನೆ ಎಂದು ಲೋಕದ ಎಲ್ಲೆಡೆ ಹಬ್ಬಿದ ರೂಢಿಯ ಮೂಲ ಅದೆನ್ನುತ್ತಾರೆ. ದಕ್ಷಿಣ ಭಾರತದ ಅನೇಕ ಸಭೆಗಳವರು ಈಗಲೂ ಭಾನುವಾರ ಬೆಳಕು ಹರಿಯುವ ಮೊದಲೇ ಸಮಾಧಿಸ್ಥಳದಲ್ಲಿ ಸೇರುತ್ತಾರೆ. ಹಿಂದಿನ ದಿನವೇ ಕಳೆ ಕಿತ್ತು, ಕೆಲವು ಸಮಾಧಿಗಳಿಗೆ ಸುಣ್ಣ ಬಳಿದಿರುತ್ತಾರೆ. ಸೇವಂತಿಗೆಯ ಮಾಲೆ, ಮಣ್ಣಿಗೆ ಊರಿದ ಮೇಣದಬತ್ತಿ. ಗಾಳಿ ಬೀಸಿದಾಗ ಅಂಗೈ ಅಡ್ಡ ಹಿಡಿಯುವವರು. ಹೋದ ವರ್ಷ ಪಕ್ಕದಲ್ಲೇ ನಿಂತು ಹಾಡಿದವರು ಈ ವರ್ಷ ಮಣ್ಣಿನ ಕೆಳಗೆ. ಕ್ರಿಸ್ತನು ಎದ್ದಿದ್ದಾನೆ ಎಂದು ಬೋಧಕರು ಹೇಳಿದಾಗ, ನಿಜವಾಗಿ ಎದ್ದಿದ್ದಾನೆ ಎಂದು ಎಲ್ಲರೂ ಮರುನುಡಿಯುತ್ತಾರೆ. ಕೆಲವರ ಗಂಟಲು ಕಟ್ಟಿ ದನಿ ಹೊರಡುವುದಿಲ್ಲ. ಅವರ ಪಾಲಿನದನ್ನೂ ಪಕ್ಕದವರು ಹೇಳುತ್ತಾರೆ.

ಇತ್ತ ಇಗರ್ಜಿಯಲ್ಲಿ, ಶನಿವಾರ ರಾತ್ರಿ ಹೊತ್ತಿಸಿದ ಆ ದೊಡ್ಡ ಬತ್ತಿ ಪೆಂತೆಕೋಸ್ತ್ ಹಬ್ಬದವರೆಗಿನ ಐವತ್ತು ದಿನ ಪೀಠದ ಬಳಿಯೇ ಇರುತ್ತದೆ. ಆಮೇಲೆ ಅದನ್ನು ದೀಕ್ಷಾಸ್ನಾನದ ತೊಟ್ಟಿಯ ಪಕ್ಕಕ್ಕೆ ಸರಿಸಿಡುತ್ತಾರೆ. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವಾಗ ಮಗುವಿನ ಹೆಸರಿನ ಪುಟ್ಟ ಬತ್ತಿಯನ್ನು ಅದರಿಂದಲೇ ಹೊತ್ತಿಸಿ ಹೆತ್ತವರ ಕೈಗೆ ಕೊಡುತ್ತಾರೆ. ಊರಲ್ಲಿ ಸಾವಾದಾಗಲೂ ಅದನ್ನೇ ತಂದು ಶವಪೆಟ್ಟಿಗೆಯ ಪಕ್ಕ ನಿಲ್ಲಿಸುತ್ತಾರೆ. ಒಂದು ವರ್ಷದ ಹುಟ್ಟು ಸಾವುಗಳನ್ನೆಲ್ಲ ನೋಡಿ, ಮುಂದಿನ ಪಾಸ್ಖ ಬರುವ ಹೊತ್ತಿಗೆ ಅದು ಸಾಕಷ್ಟು ಗಿಡ್ಡವಾಗಿರುತ್ತದೆ. ಇಳಿದ ಮೇಣ ಬುಡದಲ್ಲಿ ಗಟ್ಟಿಯಾಗಿರುತ್ತದೆ. ಐದು ಸಾಂಬ್ರಾಣಿ ಕಾಳುಗಳು ಶಿಲುಬೆಯ ಮೇಲೆ ಚುಚ್ಚಿದ ಜಾಗದಲ್ಲೇ ಇರುತ್ತವೆ.